ಉಗಾರ ರಸ್ತೆಯ ಗಾಜಿನ ಸಮುದ್ರ

ಮರಳಿನ ಮೇಲೆ ಹೆಣಗಳು ಬಿದ್ದಿದ್ದವು. ಯಾವುದೂ ಅಂಗೈಗಿಂತ ದೊಡ್ಡದಲ್ಲ.

ಬಸವನಹುಳುವಿನಂಥ ಗುಳ್ಳಿಗಳು ಬಾಯಿ ಮೇಲೆ ಮಾಡಿ ಬಿದ್ದಿದ್ದವು. ಏಡಿಗಳು ತಮ್ಮ ಶಂಖದ ಮನೆಯಿಂದ ಅರ್ಧ ಹೊರಗೆ ಜೋತಿದ್ದವು. ಐದು ಕಾಲಿನ ಚುಕ್ಕಿಮೀನುಗಳು ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿದ್ದವು. ಕಲ್ಲಿಗೆ ಅಂಟಿದ್ದ ಹವಳದ ಹೂ ಮುದುಡಿ ಲೋಳೆಯಾಗಿತ್ತು. ಇವೆಲ್ಲದರ ಮೇಲೆ ಹಳದಿ ಪಟ್ಟೆಯ ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗಾಡುತ್ತಿದ್ದವು.

"ಬರಕೋರಿ, ಫೌಜದಾರ ಸಾಹೇಬ್ರ," ಎಂದರು ರಾವಸಾಹೇಬ. "ಇದು ಖೂನಿ. ಮಾಡಿದಾಂವ ನಮ್ಮ ಆಳು ಮಲಕಾರಿ."

ನನ್ನ ಹವಾಲ್ದಾರ ಬಾಳಾಸಾಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಸಾಹೇಬ್ರ, ಗುಳ್ಳಿ ಕೊಂದ್ರ ಯಾವ ಕಲಮ್ ಬೀಳ್ತೈತ್ರಿ?"

"ನೀ ಸುಮ್ನಿರು," ಎಂದೆ.

ಆದರೆ ನನಗೂ ಅದೇ ಪ್ರಶ್ನೆ ಇತ್ತು.

* * *

ತೊಂಬತ್ತೊಂದನೇ ಇಸವಿ. ದೀಪಾವಳಿ ಮುಗಿದಿತ್ತು. ಉಗಾರದ ಸಕ್ಕರೆ ಕಾರ್ಖಾನೆ ಸುರುವಾಗಿ ರಸ್ತೆ ತುಂಬ ಕಬ್ಬಿನ ಗಾಡಿ. ಬೆಳಗಿನ ಗಾಳಿಯಲ್ಲಿ ಬೆಲ್ಲ ಕಾಯಿಸಿದ ವಾಸನೆ. ನಾನು ಧರೆಪ್ಪ, ಆಗ ಕಾಗವಾಡ ಭಾಗಕ್ಕೆ ಫೌಜದಾರ. ಕಳ್ಳರಿಗಿಂತ ಹೆಚ್ಚಾಗಿ ಬದುವಿನ ಜಗಳ ನೋಡಿದವನು.

ಉಗಾರ ರಸ್ತೆಯ ಮೇಲೆ ರಾವಸಾಹೇಬರ ತೋಟದ ಮನೆ. ಅದರ ಪಡಸಾಲೆಯಲ್ಲಿ ಒಂದು ಸಮುದ್ರ ಇತ್ತು. ಸುಳ್ಳಲ್ಲ. ಎತ್ತಿನ ಮೇವಿನ ಗ್ವಾದಲಿಯಷ್ಟು ಉದ್ದದ ಗಾಜಿನ ಪೆಟ್ಟಿಗೆ, ಸುತ್ತ ಸಾಗವಾನಿಯ ಚೌಕಟ್ಟು, ಒಳಗೆ ರತ್ನಾಗಿರಿಯಿಂದ ಹಾಲಿನ ಕ್ಯಾನುಗಳಲ್ಲಿ ತಂದ ಉಪ್ಪುನೀರು, ತಳಕ್ಕೆ ಅಲ್ಲಿಯದೇ ಬಿಳಿ ಮರಳು. ಯಾವಾಗಲೋ ಮುಂಬೈಗೆ ಹೋದಾಗ ರಾವಸಾಹೇಬರು ಅಂಥದ್ದೊಂದು ನೋಡಿ ಬಂದಿದ್ದರು. ಬಂದವರೇ ಹುಚ್ಚು ಹಿಡಿಸಿಕೊಂಡರು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿ ಗಾಳಿ ಊದಿಸುತ್ತಿದ್ದರು.

ಹಾರೂಗೇರಿ, ಚಿಂಚಲಿ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಹೆಂಗಸರು ಗಾಜಿಗೆ ಕೈಮುಗಿಯುತ್ತಿದ್ದರು. ನಾನೂ ಹದಿನೈದು ದಿನದ ಹಿಂದೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಆಗ ಗಾಜಿನ ತುಂಬ ಹಸಿರು ಪಾಚಿ ಕಟ್ಟಿತ್ತು. ಆ ಪಾಚಿಯಲ್ಲಿ ಗುಳ್ಳಿಗಳು ಮೇಯ್ದ ದಾರಿ, ಹೊಲದಲ್ಲಿ ನೇಗಿಲು ಹೋದ ಗೆರೆಯ ಹಾಗೆ ಕಾಣುತ್ತಿತ್ತು. ನನ್ನ ಹೆಂಡತಿ ಮೀನು ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದಳು.

ಇವತ್ತು ಅದೇ ಗಾಜಿನ ಮುಂದೆ ನಿಂತಾಗ ನನಗೆ ಏನೋ ಸರಿಯಿಲ್ಲ ಅನಿಸಿತು. ಏನೆಂದು ಹೊಳೆಯಲಿಲ್ಲ.

"ಮಲಕಾರಿ ಯಾಕ ಮಾಡಿದ ಅಂತೀರಿ?"

"ಹಟಕ್ಕ," ಎಂದರು ರಾವಸಾಹೇಬ. ದುಂಡು ಮುಖ, ಬಿಳಿ ಧೋತರ, ಕಣ್ಣು ಕೆಂಪಗಾಗಿತ್ತು. ಅತ್ತಿದ್ದರು ಅನಿಸುತ್ತದೆ. "ನೋಡ್ರಿ, ಸಮುದ್ರ ಅಂದ್ರ ಬರೇ ಮೀನಲ್ಲ. ತಳದ ಮರಳು ತಿರುವಾಕ ಒಬ್ರು ಬೇಕು. ಗಾಜು ನೆಕ್ಕಾಕ ಒಬ್ರು. ಮೀನ ಬಿಟ್ಟ ಕೂಳ ತಿನ್ನಾಕ ಒಬ್ರು. ಇಲ್ಲಂದ್ರ ಮರಳು ಕೊಳತು ನಾರತೈತಿ. ಇವೆಲ್ಲಾ ಆರಿಸಿ ತಂದವರು ನಾನೂ ಮಲಕಾರೀನೂ. ರತ್ನಾಗಿರಿ ದಂಡಿ ಮ್ಯಾಲೆ ಇಬ್ರೂ ಮೊಣಕಾಲೂರಿ ಒಂದೊಂದ ಹಿಡಿದು ನೋಡಿ ತಂದ್ವಿ."

"ಮತ್ತ?"

"ಈಗ ಪಾಚಿ ಹೆಚ್ಚಾತು. ಇನ್ನೊಂದು ಕ್ಯಾನ್ ಗುಳ್ಳಿ ತರೂಣು ಅಂದ್ನಿ. ಬ್ಯಾಡ ಅಂದ ಅಂವ. ಮೇವಿಲ್ಲದ ಕುರಿ ಹೆಚ್ಚು ಮಾಡಿದಂಗ ಆಕ್ಕೈತಿ ಅಂದ. ಮೀನಿಗೆ ಕೂಳ ಕಡಿಮಿ ಹಾಕ್ರಿ, ಪಾಚಿ ತಾನ ಹೋಗತೈತಿ ಅಂದ. ನಾ ಸಿಟ್ಟಿಗೆದ್ನಿ. ಆಗ ಏನಂದ ಗೊತ್ತೇನು? 'ಎಲ್ಲಾ ಸತ್ತ ಮ್ಯಾಲೆ ನಿಮಗ ತಿಳೀತೈತಿ' ಅಂದ. ನಾಲ್ಕ ಮಂದಿ ಕೇಳ್ಯಾರ."

ಅವರು ಭಾನುವಾರ ಹೆಂಡತಿ ಜೊತೆ ಪುಣೆಗೆ ಹೋಗಿದ್ದರು. ಮನೆಯಲ್ಲಿದ್ದದ್ದು ತಾಯಿ ಅಕ್ಕವ್ವ ಒಬ್ಬಳೇ. ಪೆಟ್ಟಿಗೆ ನೋಡಿಕೊಳ್ಳಲು ಮಲಕಾರಿ. ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಇದು.

"ಶನಿವಾರ ಅಥಣಿಯಿಂದ ಸಾಲಿ ಹುಡುಗರು ಬರಾಕತ್ತಾವ ಸಮುದ್ರ ನೋಡಾಕ," ಎಂದರು. "ಅವಕ್ಕ ಏನ ತೋರಿಸ್ಲಿ? ಸ್ಮಶಾನ? ಮಲಕಾರಿ ಇವತ್ತ ನನ್ನ ವಸ್ತಿ ಬಿಡಬೇಕು. ನೀವು ಕೇಸು ಹಾಕ್ರಿ."

"ಶನಿವಾರದ ತನಕ ಬಿಡ್ರಿ," ಎಂದೆ. "ತಪ್ಪು ಅಂವಂದ ಅಂತ ನಾ ಹೇಳಿದ್ರ ಕಳಸ್ರಿ."

ಅವರು ಒಪ್ಪಿದರು. ಮನಸ್ಸಿಲ್ಲದೆ.

ಹೊರಡುವಾಗ ಗೋಡೆಯ ಮೊಳೆ ನೋಡಿದೆ. ಅದಕ್ಕೆ ಒಂದು ಹಳೆಯ ತಾಮ್ರದ ಕಡಗ ನೇತುಹಾಕಿತ್ತು.

* * *

ಮಲಕಾರಿಯ ಗುಡಿಸಲು ಕಬ್ಬಿನ ಫಡದ ಪಕ್ಕದಲ್ಲಿ. ಹತ್ತಾರು ಕುರಿ, ಒಂದು ನಾಯಿ. ಹೆಂಡತಿ ಸಾವಕ್ಕ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

"ಯಾಕವ್ವಾ, ಯಾರು ಹೋಗಂದಾರ?"

"ಯಾರೂ ಅಂದಿಲ್ರಿ. ಹುಳಾ ಕೊಂದಾಂವ ಅಂತ ಅನಿಸಿಕೊಂಡು ಇರೂದೆಂಗ್ರಿ? ನಾಳೆ ನಾವು ಬ್ಯಾರೆ ಕಡೆ ಹ್ವಾದ್ರ ಯಾರ ಕುರಿ ನಮ್ಮ ಕೈಯಾಗ ಕೊಡತಾರ?"

ಅಲ್ಲಿಗೆ ನನಗೆ ಕೇಸು ಏನೆಂದು ತಿಳಿಯಿತು. ಕಲಮ್ ಯಾವುದಾದರೂ ಇರಲಿ. ಸಾಕುವ ಜನಕ್ಕೆ ಆ ಹೆಸರು ಹತ್ತಿದರೆ ಬದುಕು ಮುಗಿಯಿತು.

ಮಲಕಾರಿ ಹೊರಸಿನ ಮೇಲೆ ಕುಳಿತಿದ್ದ. ಐವತ್ತರ ಆಸುಪಾಸು, ಎತ್ತರದ ಆಳು.

"ಏನೇನು ನಡೀತು, ಹೇಳು."

"ಸೋಮಾರ ಎಲ್ಲಾ ಚಲೋ ಇದ್ವು. ಮಂಗಳಾರ ನಾ ಕಬ್ಬಿನ ಗಾಡಿ ಹೊಡಕೊಂಡು ಉಗಾರಕ್ಕ ಹೋದ್ನಿ. ಪಾಳಿ ಬರೂದ್ರಾಗ ಬುಧವಾರ ಆತು. ಬಂದು ನೋಡಿದ್ರ ಒಂದೆರಡು ಗುಳ್ಳಿ ಅಂಗಾತ ಬಿದ್ದಿದ್ವು. ಎತ್ತಿ ನಿಂದರಿಸಿದ್ನಿ. ಜೀವ ಇದ್ದ ಗುಳ್ಳಿ ಹೊಳ್ಳಿಸಿದ್ರ ಗಾಜು ಕಚ್ಚತೈತ್ರಿ. ಇವು ಕಚ್ಚಲಿಲ್ಲ. ಮತ್ತ ಬಿದ್ವು."

"ನೀ ಸಾಯ್ತಾವ ಅಂದಿದ್ದಿಯಂತಲ್ಲ?"

"ಹೊಟ್ಟಿಗಿಲ್ಲದ ಸಾಯ್ತಾವ ಅಂದ್ನಿರಿ. ಕೊಲ್ತೀನಿ ಅಂತ ಅಂದ್ನೇನ್ರಿ?"

ಅಷ್ಟರಲ್ಲಿ ಬಾಳಾಸಾಬ ಗುಡಿಸಲಿನ ಒಳಗಿಂದ ಗೆದ್ದ ಮುಖ ಹೊತ್ತು ಬಂದ. ಕೈಯಲ್ಲಿ ತಗಡಿನ ಡಬ್ಬಿ. "ಸಿಕ್ತು ಸಾಹೇಬ್ರ! ವಿಷ!"

ಕುರಿಯ ಉಣ್ಣಿಗೆ ಹಚ್ಚುವ ಪುಡಿ ಅದು. ನಾತಕ್ಕೆ ಕಣ್ಣಲ್ಲಿ ನೀರು ಬಂತು. ಮಲಕಾರಿ ತಲೆ ತಗ್ಗಿಸಿದ. ಸಾವಕ್ಕ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಇನ್ನೊಂದು ಮಾತು," ಎಂದೆ. "ಪೆಟಗಿ ಹತ್ರ ಮೊಳಿಗೆ ಕಡಗ ಐತಲ್ಲ. ಯಾರದು?"

"ನಂದ್ರಿ. ಕೀಲನೋವಿಗೆ ಹಾಕ್ಕೋತೀನಿ. ನೀರಾಗ ಕೈ ಹಾಕೂ ಮುಂದ ತಗದು ಅಲ್ಲಿ ಇಡೂದ್ರಿ. ನಿನ್ನಿ ಗಾಬರ್‍ಯಾಗ ಅಲ್ಲೇ ಮರತು ಬಂದ್ನಿ."

"ತಗಿಯೂದ್ಯಾಕ?"

"ಹುಳಾ ಕೊಡೋ ತುಕಾರಾಮ ಹೇಳ್ಯಾನ್ರಿ, ರತ್ನಾಗಿರಿಯಾಂವ. 'ತಾಂಬ ಲಾವೂ ನಕಾ' ಅಂತ. ತಾಮ್ರ ತಾಗಿದ್ರ ತಳದ ಹುಳಕ್ಕ ಆಗಿ ಬರಂಗಿಲ್ಲಂತ. ಅದಕ್ಕ ನೀರು ಸೈತ ಸ್ಟೀಲ್ ಕ್ಯಾನಿನ್ಯಾಗ ತರತೀವಿ."

ಬಾಳಾಸಾಬ ನನ್ನ ಕಿವಿಯಲ್ಲಿ ಹೇಳಿದ, "ಮಾತು ತಿರುವಾಕತ್ತಾನ್ರಿ. ಡಬ್ಬಿ ನೋಡ್ರಿ, ಡಬ್ಬಿ."

* * *

ಡಬ್ಬಿ ನೋಡಿದೆ. ನೋಡುವ ರೀತಿಯಲ್ಲೇ ನೋಡಿದೆ.

ಠಾಣೆಯ ಹಿಂದೆ ಎರಡು ಬಕೆಟ್ಟು ಇಡಿಸಿದೆ. ಕೃಷ್ಣೆಯಿಂದ ಸಣ್ಣ ಮೀನು ಹಿಡಿಸಿ ತರಿಸಿ ಎರಡಕ್ಕೂ ಬಿಟ್ಟೆ. ಒಂದಕ್ಕೆ ಉಣ್ಣಿಪುಡಿ ಚಿಟಿಕೆ ಹಾಕಿದೆ. ಬಾಳಾಸಾಬ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಆ ಬಕೆಟ್ಟಿನ ಮೀನು ಹೊಟ್ಟೆ ಮೇಲೆ ಮಾಡಿದವು.

"ನೋಡಿದ್ಯಾ?"

"ನೋಡಿದ್ನಿರಿ. ವಿಷ ಅಂದ್ನಲ್ರಿ."

"ರಾವಸಾಹೇಬರ ಮೀನು?"

ಬಾಳಾಸಾಬನ ಬೀಡಿ ಬಾಯಲ್ಲೇ ನಿಂತಿತು. "ಅವು ಈಜಾಡಾಕತ್ತಾವ್ರಿ."

"ಅಂದ್ರ ಈ ಪುಡಿ ಅಲ್ಲ. ಮೀನಿಗೆ ಏನೂ ಆಗದ, ಗುಳ್ಳಿ ಏಡಿ ಅಷ್ಟ ಸಾಯೂದು ಬ್ಯಾರೆ ಏನೋ ಐತಿ."

"ಹಸವು ಇರಬೇಕ್ರಿ. ಉಪಾಸ ಬಿದ್ದು."

"ಉಪಾಸ ಬಿದ್ರ ಇವತ್ತೊಂದು ನಾಳೆಯೊಂದು ಸಾಯ್ತಾವು. ಎಲ್ಲಾ ಕೂಡಿ ಸಾಯಂಗಿಲ್ಲ."

ಡಬ್ಬಿಯನ್ನು ಸಾವಕ್ಕನಿಗೆ ವಾಪಸು ಕಳಿಸಿದೆ. ಪಾತ್ರೆ ಚೀಲದಿಂದ ತೆಗೆ ಎಂದು ಹೇಳಿ ಕಳಿಸುವಷ್ಟು ಧೈರ್ಯ ಇನ್ನೂ ಇರಲಿಲ್ಲ.

* * *

ಶುಕ್ರವಾರ ಬೆಳಿಗ್ಗೆ ಅಕ್ಕವ್ವನನ್ನು ಕಂಡೆ. ಎಪ್ಪತ್ತು ದಾಟಿದ ಜೀವ. ಕಟ್ಟೆಯ ಮೇಲೆ ಕುಳಿತು ಹುರಿದ ಸೇಂಗಾ ಒಡೆಯುತ್ತಿದ್ದಳು. ನನ್ನ ಕೈಗೂ ಒಂದು ಹಿಡಿ ಹಾಕಿದಳು.

"ಅವ್ವಾ, ರಾವಸಾಹೇಬರು ಇಲ್ಲದಾಗ ಮನಿಗೆ ಯಾರು ಬಂದಿದ್ರು?"

"ಹೊರಗಿನವರು ಯಾರೂ ಬಂದಿಲ್ಲ, ತಮ್ಮಾ."

"ನೆನಪು ಮಾಡಿ ಹೇಳ್ರಿ. ಯಾರೂ?"

"ಹೇಳಿದ್ನಲ್ಲ. ಒಂದು ನರಪಿಳ್ಳಿ ಹೊರಗಿನದು ಬಂದಿಲ್ಲ. ಸೇಂಗಾ ತಿನ್ನು. ಪೊಲೀಸರು ಎಷ್ಟು ಬಡವಾಗೀರಿ."

ಆಕೆಯ ಮುಖದಲ್ಲಿ ಸುಳ್ಳು ಇರಲಿಲ್ಲ. ಸುಳ್ಳು ಹೇಳುವವರು ಸೇಂಗಾ ಒಡೆಯುವುದನ್ನು ನಿಲ್ಲಿಸುತ್ತಾರೆ. ಆಕೆ ನಿಲ್ಲಿಸಲಿಲ್ಲ.

"ಈಗ ನೀರು ಎಷ್ಟು ಚೆಂದ ಆಗೈತಿ ನೋಡು," ಎಂದಳು. "ಕನ್ನಡಿ ಆಗೈತಿ. ಹುಳಾ ಸತ್ತಾವಂತ ರಾವಾ ಅಳತಾನ. ಪಾಪ."

ನಾನು ಎದ್ದು ಪಡಸಾಲೆಗೆ ಹೋದೆ. ಗಾಜಿನ ಮುಂದೆ ನಿಂತೆ.

ನಿನ್ನೆ ಸರಿಯಿಲ್ಲ ಅನಿಸಿದ್ದು ಇದೇ. ಕೊಲೆಯಾದ ಜಾಗ ಕೊಲೆಗೆ ಮುಂಚೆಗಿಂತ ಸ್ವಚ್ಛವಾಗಿತ್ತು. ಗಾಜಿನ ಮೇಲೆ ಪಾಚಿ ಇಲ್ಲ. ನೇಗಿಲ ಗೆರೆ ಇಲ್ಲ. ತೊಳೆಯುವವರು ಸತ್ತು ಬಿದ್ದಿದ್ದಾರೆ. ಮನೆ ಮಾತ್ರ ಫಳಫಳ ಹೊಳೆಯುತ್ತಿದೆ.

ಹಾಗಾದರೆ ತೊಳೆದವರು ಯಾರು?

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಬಾಗಿಲಿತ್ತು. ಅದರ ಆಚೆ ಮನೆಯ ಇನ್ನೊಂದು ಭಾಗ. ಅಲ್ಲಿ ರಾವಸಾಹೇಬರ ತಮ್ಮ ಭರಮು ಇದ್ದ. ಅಪ್ಪ ಹಚ್ಚಿದ ದ್ರಾಕ್ಷಿ ಕಿತ್ತು ಕಬ್ಬು ಹಾಕೋಣ ಎಂದು ಅಣ್ಣ, ಕಿತ್ತರೆ ನನ್ನ ಹೆಣದ ಮೇಲೆ ಎಂದು ತಮ್ಮ. ಹೀಗೆ ಹೊಲ ಎರಡಾಗಿ, ಮನೆ ಎರಡಾಗಿ, ಆ ಬಾಗಿಲಿಗೆ ಚಿಲಕ ಬಿದ್ದು ಮೂರು ವರ್ಷವಾಗಿತ್ತು. ಅಣ್ಣತಮ್ಮಂದಿರ ಮಾತು ನಿಂತೂ ಅಷ್ಟೇ. ಊರಿಗೆಲ್ಲ ಗೊತ್ತಿದ್ದ ವಿಷಯ. ತಾಯಿ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ, ಸುತ್ತುಹಾಕಿ ಅಂಗಳದಿಂದ ಓಡಾಡುತ್ತಿದ್ದಳು.

ಬಾಗಿಲಿನ ಮೇಲ್ಮೂಲೆಯಲ್ಲಿ ಜೇಡರ ಬಲೆ ದಟ್ಟವಾಗಿತ್ತು. ಬಾಗಿಲು ಚೌಕಟ್ಟಿಗೆ ಕೂಡುವ ಕಡೆ ಮಾತ್ರ ಹರಿದು ಜೋತಿತ್ತು.

* * *

ಭರಮು ತೋಟದಲ್ಲಿದ್ದ. ಕಾರ್ತಿಕದ ಮೋಡ ಕವಿದಿತ್ತು. ಮೋಡ ಬಂದರೆ ದ್ರಾಕ್ಷಿಗೆ ರೋಗ. ರೋಗ ಬರುವ ಮುಂಚೆ ಎಣ್ಣಿ, ಅಂದರೆ ಔಷಧ, ಹೊಡೆಯಬೇಕು. ಡ್ರಮ್ಮಿನಲ್ಲಿ ಆಕಾಶದ ಬಣ್ಣದ ನೀರು ಕದಡುತ್ತಿದ್ದ. ಮೊಣಕೈ ತನಕ ನೀಲಿ.

"ಏನ್ರಿ ಇದು?"

"ಮೋರಚೂದ ಮತ್ತ ಸುಣ್ಣ್ರಿ."

ಪೇಟೆಯಲ್ಲಿ ಮೈಲುತುತ್ತ ಅನ್ನುವುದು ಅದಕ್ಕೇ. ನೀಲಿ ಹರಳು. ಭರಮು ಕುಡಗೋಲಿನ ತುದಿಯನ್ನು ಡ್ರಮ್ಮಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದ. ಅಲಗು ಕೆಂಪಗಾಗಿತ್ತು.

"ತುಕ್ಕು ಹಿಡೀತಲ್ಲ?"

ಅವನು ನಕ್ಕ. "ತುಕ್ಕಲ್ರಿ. ಮೋರಚೂದದಾಗಿನ ತಾಮ್ರ ಕಬ್ಬಿಣಕ್ಕ ಹತ್ತತೈತಿ. ಹತ್ತಿದ್ರ ಸುಣ್ಣ ಕಡಿಮಿ ಆಗೈತಿ ಅಂತ ಲೆಕ್ಕ. ಹಿಂಗ ಹೊಡದ್ರ ಎಲಿ ಸುಟ್ಟು ಹೋಗತೈತಿ."

ತಾಮ್ರ. ನನ್ನ ಕಣ್ಣ ಮುಂದೆ ಮೊಳೆಯ ಮೇಲಿನ ಕಡಗ ಬಂತು.

ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ ಇತ್ತು. ಆಚೆ ಬದುವಿನಲ್ಲಿ ಅಣ್ಣನದೂ ಅಂಥದ್ದೇ ತೊಟ್ಟಿ. ಅಣ್ಣನದರಲ್ಲಿ ಪಾಚಿ ಹಾಸಿಗೆ ಹಾಸಿತ್ತು. ಇವನದರಲ್ಲಿ ತಳದ ಕಲ್ಲು ಕಾಣುತ್ತಿತ್ತು.

"ನಿಮ್ಮ ನೀರು ಭಾರಿ ತಿಳಿ ಐತಲ್ರಿ ಭರಮಪ್ಪ."

"ಪಾಚಿ ಬಂದ್ರ ಪಿಚಕಾರಿ ಕಟ್ಟಿಕೋತೈತ್ರಿ. ಅರಿಬ್ಯಾಗ ಸ್ವಲ್ಪ ಮೋರಚೂದ ಗಂಟು ಕಟ್ಟಿ, ಕಟಗಿಗೆ ಜೋತ ಬಿಟ್ಟು ನೀರಾಗ ಇಳಿಸೂದು. ಅಪ್ಪ ಹಂಗ ಮಾಡತಿದ್ದ. ನಾವಿಬ್ರೂ ಸಣ್ಣವರಿದ್ದಾಗ ಗಂಟು ಹಿಡದು ತೊಟ್ಟಿ ಸುತ್ತ..."

ಅವನು ನನ್ನ ಮುಖ ನೋಡಲಿಲ್ಲ. ಕುಡಗೋಲು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

"ಸಂಜಿಗೆ ಅಣ್ಣನ ಪಡಸಾಲಿಗೆ ಬರ್ರಿ," ಎಂದೆ. "ಆ ಕುಡಗೋಲೂ ತರ್ರಿ."

* * *

ಸಂಜೆ ಎಲ್ಲರೂ ಇದ್ದರು. ಅಕ್ಕವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಮಲಕಾರಿ ಮತ್ತು ಸಾವಕ್ಕ ಹೊಸ್ತಿಲ ಹೊರಗೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಭರಮು ಅಂಗಳ ಸುತ್ತಿ ಬಂದು ಗೋಡೆ ಪಕ್ಕ ನಿಂತ. ರಾವಸಾಹೇಬರು ಅವನನ್ನು ನೋಡದ ಹಾಗೆ ನಿಂತರು. ಬಾಳಾಸಾಬ ಲಾಠಿ ಹಿಡಿದು ಬಾಗಿಲು ಕಾದ, ಯಾರೋ ಓಡಿ ಹೋಗುತ್ತಾರೆ ಎಂಬಂತೆ.

"ರಾವಸಾಹೇಬ್ರ," ಎಂದೆ. "ಮಲಕಾರಿ ಹಟಕ್ಕ ವಿಷ ಹಾಕಿದ ಅಂದ್ರಿ. ವಿಷ ಹಾಕಾಂವ ಮೀನ ಯಾಕ ಬಿಟ್ಟ?"

"ನನಗೇನು ಗೊತ್ತ್ರಿ."

"ಬಿಟ್ಟಿಲ್ಲ. ಈ ವಸ್ತು ಮೀನಿಗೆ ಅಷ್ಟು ನಾಟಂಗಿಲ್ಲ. ಗುಳ್ಳಿ, ಏಡಿ, ಚುಕ್ಕಿ, ಹವಳದ ಹೂವಿಗೆ ನಾಟತೈತಿ. ನಿಮಗ ಮಾಲು ಕೊಟ್ಟ ತುಕಾರಾಮ ಮೊದಲ ಹೇಳಿದ್ದ. ಏನಂತ?"

ರಾವಸಾಹೇಬರು ನಿಧಾನಕ್ಕೆ ಹೇಳಿದರು, "ತಾಮ್ರ ತಾಗಿಸಬ್ಯಾಡ ಅಂತ."

"ಆ ಮಾತು ಕೇಳಿದವರು ನೀವಿಬ್ರ. ಮಲಕಾರಿ ಅದನ್ನ ಎಷ್ಟು ನಂಬಿದ ಅಂದ್ರ, ಕೀಲನೋವಿದ್ರೂ ಕಡಗ ತಗದು ಮೊಳಿಗೆ ಹಾಕತಾನ. ನೋಡ್ರಿ, ಇನ್ನೂ ಅಲ್ಲೇ ಐತಿ. ಕಡಗ ತಗದು ಕೈ ಇಳಿಸಾಂವ ತಾಮ್ರ ತಂದು ಸುರೀತಾನೇನು?"

"ಸುರದ್ರ ಅದಕ್ಕ ಸುರೀತಾನ್ರಿ," ಎಂದ ಬಾಳಾಸಾಬ. "ಗೊತ್ತಿದ್ದಾಂವ."

ನನ್ನ ಹವಾಲ್ದಾರ ದಡ್ಡನಲ್ಲ. ಅದೂ ನಿಜ.

"ಸರಿ. ಆದ್ರ ಇನ್ನೊಂದು ಐತಿ. ಕೊಲ್ಲಾಕ ಬಂದಾಂವ ಅಳತಿ ನೋಡಂಗಿಲ್ಲ. ಹಿಡಿ ತುಂಬ ಹಾಕಿ ಓಡತಾನ. ಹಂಗ ಹಾಕಿದ್ರ ಮೀನೂ ಉಳೀತಿರಲಿಲ್ಲ. ಇಲ್ಲಿ ಬಂದಾಂವ ಸ್ವಲ್ಪ ಹಾಕ್ಯಾನ, ಪಾಚಿ ಹೋಗೂತನಕ ಕಾದಾನ, ಆಮ್ಯಾಲೆ ತಗದಾನ. ಗಾಜು ನೋಡ್ರಿ. ಇಷ್ಟು ತಿಳಿ ಎಂದಾದ್ರೂ ಇತ್ತೇನು? ಬಂದಾಂವ ಕೊಲ್ಲಾಕ ಬಂದಿರಲಿಲ್ಲ. ತೊಳ್ಯಾಕ ಬಂದಿದ್ದ."

ಗಾಳಿ ಊದುವ ಯಂತ್ರ ಗುರುಗುಟ್ಟುತ್ತಿತ್ತು.

ಮುಚ್ಚಿದ ಬಾಗಿಲಿನ ಕಡೆಯ ಮೂಲೆಗೆ ರಾವಸಾಹೇಬರನ್ನು ಕರೆದೆ. ಸಾಗವಾನಿ ಚೌಕಟ್ಟಿನ ಮೇಲೆ ಜೋಳದ ಕಾಳಿನಷ್ಟು ನೀಲಿ ಕಲೆ ಒಣಗಿತ್ತು. ಮಧ್ಯಾಹ್ನ ಹುಡುಕಿ ಇಟ್ಟುಕೊಂಡಿದ್ದೆ. ಬೆರಳಿನಿಂದ ಒಂದು ಹನಿ ನೀರು ಬಿಟ್ಟೆ. ಭರಮುವಿನ ಕೈಯಿಂದ ಕುಡಗೋಲು ತೆಗೆದುಕೊಂಡು ಅದರ ತುದಿಯನ್ನು ಆ ಹನಿಯಲ್ಲಿ ಊರಿ ಹಿಡಿದೆ. ಎತ್ತಿದೆ.

ತುದಿಗೆ ಚುಕ್ಕೆಯಷ್ಟು ಕೆಂಪು.

ದ್ರಾಕ್ಷಿ ಬೆಳೆದ ಮನೆ ಅದು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರಾವಸಾಹೇಬರು ಆ ಕೆಂಪನ್ನು ನೋಡಿದರು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿದರು.

ನಾನು ಅಕ್ಕವ್ವನ ಕಡೆ ತಿರುಗಿದೆ. "ಅವ್ವಾ, ಹೊರಗಿನವರು ಯಾರೂ ಬಂದಿಲ್ಲ ಅಂದ್ರಿ."

"ಹೌದು. ಬಂದಿಲ್ಲ."

"ಈ ಬಾಗಲದ ಚಿಲಕ ತಗದವರು ಯಾರು?"

"ನಾನ."

"ಯಾರಿಗೆ?"

"ಭರಮೂಗ." ಆಕೆ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. "ಭರಮು ಹೊರಗಿನಾಂವೇನೋ? ಈ ಪಡಸಾಲ್ಯಾಗ ತೊಟ್ಟಿಲ ಕಟ್ಟಿ ತೂಗೀನಿ ಅವನ್ನ. ಸಾಲಿ ಹುಡುಗರು ಬರತಾವು, ಪಾಚಿ ನೋಡಿ ನಗತಾವು, ನಿಮ್ಮಣ್ಣನ ಮರ್‍ಯಾದಿ ಹೋಗತೈತಿ, ಏನರ ಮಾಡೋ ಅಂತ ಮಂಗಳಾರ ಅಂದ್ನಿ. ಬಂದ. ಮಾಡಿದ. ಸಂಜೀಕ ಗಂಟು ತಗೊಂಡು ಹೋದ. ಅದಕ್ಕೂ ಹುಳಾ ಸಾಯೂದಕ್ಕೂ ಏನು?"

ಹೇಳಿ ಮುಗಿಯುವುದರೊಳಗೆ ಆಕೆಗೆ ತಿಳಿಯಿತು. ಸೆರಗು ಬಾಯಿಗೆ ಹೋಯಿತು.

ಭರಮು ಗೋಡೆ ಬಿಟ್ಟು ಮುಂದೆ ಬಂದ. "ಅಪ್ಪನ ತೊಟ್ಯಾಗೂ ಮೀನ ಇದ್ವು," ಎಂದ. ನನಗಲ್ಲ, ಅಣ್ಣನಿಗೆ. "ಅವು ಎಂದೂ ಸತ್ತಿಲ್ಲ. ಅದಕ್ಕ ಹಾಕಿದ್ನಿ. ನಿನ್ನ ತಳದ ಹುಳಾ ಬ್ಯಾರೆ ಅಂತ ನನಗೆಂಗ ಗೊತ್ತು? ಯಾರು ಹೇಳ್ಯಾರ ನನಗ? ಒಂದ ಸಲಾನೂ ಕರದು ತೋರಿಸಿಲ್ಲ ನೀ."

"ಸತ್ತದ್ದು ಗೊತ್ತಾದ ಮ್ಯಾಲೆ?" ಎಂದೆ ನಾನು. "ಗುರುವಾರ ಊರೆಲ್ಲ ಗೊತ್ತಾತು. ನಿಮಗೂ ಗೊತ್ತಾತು. ಗುಳ್ಳಿ ಸತ್ತದ್ದು ತಿಳಿಲಾರದ್ದಕ್ಕ. ಅದು ಅಪರಾಧ ಅಲ್ಲ ಭರಮಪ್ಪ. ಸಾವಕ್ಕ ಗಂಟು ಕಟ್ಟೂದು ನೋಡ್ಕೋತ ಸುಮ್ಮ ನಿಂತ್ರಿ. ಅದಕ್ಕ ಏನಂತೀರಿ?"

ಅವನು ಹೊಸ್ತಿಲ ಕಡೆ ನೋಡಿದ. ನೋಡಲಾಗಲಿಲ್ಲ.

"ಮೂರ ವರ್ಷದ ಮ್ಯಾಲೆ ಅಣ್ಣನ ಕೂಡ ಮಾತಾಡಬೇಕು ಅಂದ್ರ," ಎಂದ, "ಮೊದಲನೇ ಮಾತು ಇದ ಆಗಬೇಕೇನ್ರಿ? ನಿನ್ನ ಸಮುದ್ರ ನಾ ಕೊಂದ್ನಿ ಅಂತ?"

ರಾವಸಾಹೇಬರು ತಮ್ಮನ ನೀಲಿ ಹತ್ತಿದ ಕೈ ನೋಡಿದರು. ಆಮೇಲೆ ಕೇಳಿದರು, "ಎಷ್ಟು ಹಾಕಿದಿ?"

"ಅಪ್ಪ ಹಾಕತಿದ್ದಕ್ಕಿಂತ ಕಡಿಮಿ. ಮೋರಚೂದದ ಎರಡು ಹಳ್ಳು."

"ಅಪ್ಪನ ತೊಟ್ಟಿ ಎಷ್ಟು ದೊಡ್ಡದು, ನನ್ನ ಪೆಟಗಿ ಎಷ್ಟು! ಲೇ ಹುಚ್ಚಾ!" ಬೈದರು. "ಅರಿಬಿಗೆ ಎರಡು ಗಂಟು ಹಾಕಿದ್ಯೋ ಒಂದೋ?"

"ಎರಡು. ಬಿಚ್ಚಬಾರದಂತ. ಅಪ್ಪ ಹೇಳಿದಂಗ."

ಅಕ್ಕವ್ವ ಅಳುತ್ತಿದ್ದಳೋ ನಗುತ್ತಿದ್ದಳೋ, ಸೆರಗಿನ ಹಿಂದೆ ಗೊತ್ತಾಗಲಿಲ್ಲ.

ಸಮುದ್ರಕ್ಕಾಗಿ ಅತ್ತ ಮನುಷ್ಯ ಆಮೇಲೆ ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಮೊಳೆಯಿಂದ ಕಡಗ ತೆಗೆದರು. ಧೋತರದ ಚುಂಗಿನಿಂದ ಒರೆಸಿದರು. ಹೊಸ್ತಿಲು ದಾಟಿ ಹೊರಗೆ ಹೋಗಿ ಮಲಕಾರಿಯ ಕೈಗೆ ತಾವೇ ತೊಡಿಸಿದರು.

"ತಪ್ಪಾತು ಮಲಕಾರಿ. ನಾಲ್ಕ ಮಂದಿ ಮುಂದ ಅಂದಿದ್ನಿ. ನಾಲ್ಕ ಮಂದಿ ಮುಂದ ಹೇಳಾಕತ್ತೀನಿ."

ಭರಮೂ ಹಿಂದೆಯೇ ಬಂದ. ಸಾವಕ್ಕನ ಮುಂದೆ ನಿಂತು, ಕೈಮುಗಿದು, ನೆಲ ನೋಡಿದ.

"ನಮ್ಮ ಪಾತ್ರಿ ಎಲ್ಲಾ ಚೀಲದಾಗ ಅದಾವ್ರಿ," ಎಂದಳು ಆಕೆ. "ಒಂದೊಂದ ತಗದು ಇಡಾಕ ಬರ್ರಿ. ಅದ ನಿಮಗ ದಂಡ."

ಅವನು ಹೋದ. ನಿಜವಾಗಿಯೂ ಹೋಗಿ ಗಂಗಾಳ, ಚರಿಗೆ, ಬುಟ್ಟಿ ಎಲ್ಲ ತೆಗೆದು ಇಟ್ಟು ಬಂದ.

"ಕಲಮ್ ಯಾವುದ್ರಿ ಸಾಹೇಬ್ರ?" ಎಂದ ಬಾಳಾಸಾಬ ದಾರಿಯಲ್ಲಿ.

"ನಡಿ," ಎಂದೆ.

* * *

ಶನಿವಾರ ಅಥಣಿಯ ಹುಡುಗರು ಬಂದರು. ತಳ ಖಾಲಿ. ಮಲಕಾರಿ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಮೀನು ಮೇಲೆ ಮೆರೆಯುತ್ತವೆ, ಅವು ಬದುಕುವುದು ತಳದವರ ಮೇಲೆ ಎಂದ. ಹುಡುಗರು ಮೀನಿಗಿಂತ ಹೆಚ್ಚಾಗಿ ಖಾಲಿ ಮರಳನ್ನೇ ನೋಡಿದರು.

ಮರಳೂ ಕಲ್ಲೂ ತಾಮ್ರ ಕುಡಿದಿರುತ್ತವೆ, ಎಲ್ಲ ಹೊಸದಾಗಬೇಕು ಎಂದು ತುಕಾರಾಮ ಹೇಳಿ ಕಳಿಸಿದ. ಮುಂದಿನ ವಾರ ಟೆಂಪೊ ಮಾಡಿಕೊಂಡು ರತ್ನಾಗಿರಿಗೆ ಹೊರಟರು. ಅಣ್ಣ, ತಮ್ಮ, ಮಲಕಾರಿ. ರಜೆ ಹಾಕಿ ನಾನೂ ಹತ್ತಿದೆ. ಅಕ್ಕವ್ವನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ನಿಪ್ಪಾಣಿಯಲ್ಲಿ ಚಹಾ ಕುಡಿದು ಘಟ್ಟ ಇಳಿದೆವು.

ನೀರು ಇಳಿದ ಹೊತ್ತು. ಬಂಡೆಗಳ ನಡುವೆ ಮಲಕಾರಿ ಮೊಣಕಾಲೂರಿ ಕುಳಿತ. ಕಡಗ ತೆಗೆದು ನನ್ನ ಕೈಗೆ ಕೊಟ್ಟಿದ್ದ. ಗುಳ್ಳಿ ಅಂಗಾತ ಹೊಳ್ಳಿಸಿ ಇಡುತ್ತಿದ್ದ. ತಾನೇ ತಿರುಗಿ ನಿಂತದ್ದನ್ನು ಕ್ಯಾನಿಗೆ, ಸುಮ್ಮನೆ ಬಿದ್ದದ್ದನ್ನು ಸಮುದ್ರಕ್ಕೆ. ಬಣ್ಣದ ದೊಡ್ಡ ಶಂಖ ರಾವಸಾಹೇಬರಿಗೆ ಬಹಳ ಹಿಡಿಸಿತು. "ಅದು ಬ್ಯಾಡ್ರಿ, ಅದು ಉಳಿದ ಗುಳ್ಳಿ ತಿನ್ನತೈತಿ." ಭರಮು ಸೌತಿಕಾಯಿಯಂಥ ಜೀವಿಯೊಂದನ್ನು ಹಿಡಿದು ತಂದ. ಮರಳು ನುಂಗಿ ಮರಳು ಉಗುಳುವುದು ಅದರ ಕಸುಬು. "ಅದೂ ಬ್ಯಾಡ್ರಿ. ಕೆಲಸಕ್ಕ ಚಲೋ. ಸತ್ರ ಮಾತ್ರ ವಿಷ ಬಿಟ್ಟು ಎಲ್ಲಾರ್ನೂ ಕರಕೊಂಡು ಹೋಗತೈತಿ."

"ಮತ್ತ ನಾ ಏನ ಆರಿಸ್ಲಿ?" ಎಂದ ಭರಮು.

"ಮೊದಲ ಕೈ ತೊಳಿ," ಎಂದರು ರಾವಸಾಹೇಬರು.

"ಮೂರ ಸಲ ತೊಳದೀನಿ ಅಣ್ಣಾ."

"ನಾಕನೇದ ತೊಳಿ."

ಅರ್ಧ ಕ್ಯಾನು ಮಾತ್ರ ತುಂಬಿತು. ಸಾಕು ಎಂದ ಮಲಕಾರಿ. ರಾವಸಾಹೇಬರೇ ಕ್ಯಾನಿನ ಮುಚ್ಚಳ ಹಾಕಿದರು. ಅಕ್ಕವ್ವ ಸೀರೆ ಮೊಣಕಾಲಿಗೆ ಎತ್ತಿ ನೀರಲ್ಲಿ ನಿಂತಿದ್ದಳು. "ಇದಕ್ಕ ದಂಡೀನ ಇಲ್ಲಲ್ಲೋ," ಎಂದಳು, ಯಾರಿಗೋ.

ಆ ಪೆಟ್ಟಿಗೆ ಬಹಳ ವರ್ಷ ನಡೆಯಿತು. ನನಗೆ ವರ್ಗವಾದ ಮೇಲೂ ಉಗಾರದ ಕಡೆ ಹೋದಾಗಲೆಲ್ಲ ಹೋಗುತ್ತಿದ್ದೆ. ಗಾಜಿನ ಮೇಲೆ ತೆಳ್ಳಗೆ ಪಾಚಿ, ಅದರಲ್ಲಿ ನೇಗಿಲ ಗೆರೆ. ಪಕ್ಕದ ಬಾಗಿಲು ತೆರೆದೇ ಇರುತ್ತಿತ್ತು. ಚಿಲಕ ಕಿತ್ತ ಜಾಗದಲ್ಲಿ ಎರಡು ತೂತು ಉಳಿದಿದ್ದವು. ಈಗ ಆ ಮನೆಯಲ್ಲಿ ಸಮುದ್ರ ಇಲ್ಲ. ಆದರೂ ಎಲ್ಲಾದರೂ ಮೀನಿನ ಪೆಟ್ಟಿಗೆ ಕಂಡರೆ ನಾನು ಮೊದಲು ನೋಡುವುದು ತಳ.

ಕೊನೆಯ ಸಲ ಹೋದಾಗ ಅಕ್ಕವ್ವನಿಗೆ ಕಣ್ಣು ಮಂಜಾಗಿತ್ತು. ಕಟ್ಟೆಯ ಮೇಲೆ ಸೇಂಗಾ ಒಡೆಯುತ್ತಿದ್ದಳು. ನನ್ನ ದನಿಯಿಂದ ಗುರುತು ಹಿಡಿದು ಒಂದು ಹಿಡಿ ಕೈಗೆ ಹಾಕಿದಳು.

ಒಳಗಿಂದ ಭರಮು ಕೂಗಿದ, "ಯಾರ ಬಂದಾರವ್ವಾ?"

"ಹೊರಗಿನವರು ಯಾರೂ ಅಲ್ಲೋ," ಎಂದಳು ಆಕೆ. "ಫೌಜದಾರ ಬಂದಾನ."